‘ತಾವೇ ಬಿಟ್ಟು ಹೋದರು’ ಅಂತ ಬರೆದರೆ...

ಮಧ್ಯಾಹ್ನ ಮೂರು ಗಂಟೆ. ಶಹಾಪುರದಲ್ಲಿ ಒಂದು ಬಾಡಿಗೆ ಮನೆ ಅಂದುಕೊಳ್ಳಿ. ಮಕ್ಕಳು ಇನ್ನೂ ಶಾಲೆಯಿಂದ ಬಂದಿಲ್ಲ. ನೀವು ಚಟ್ನಿಪುಡಿಗೆ ಶೇಂಗಾ ಹುರಿದು ಒಲೆ ಆರಿಸುವಷ್ಟರಲ್ಲಿ ಬಾಗಿಲು ಸದ್ದಾಗುತ್ತದೆ. ರಾತ್ರಿ ಎಂಟಕ್ಕೆ ಬರಬೇಕಾದ ಮನೆಯವರು ಈಗಲೇ ಬಂದು ನಿಂತಿದ್ದಾರೆ. ಕೈಯಲ್ಲಿನ ಬುತ್ತಿ ಡಬ್ಬಿ ಬಿಚ್ಚಿಲ್ಲ.

‘ಯಾಕ್ರೀ, ಆರಾಮ ಇಲ್ಲೇನು?’

‘ನಾಳಿಯಿಂದ ಬರಬ್ಯಾಡ ಅಂದಾರ. ಒಂದು ರಾಜೀನಾಮಿ ಬರಕೊಟ್ರ ಲೆಕ್ಕಾ ಲಗೂನ ಚುಕ್ತಾ ಮಾಡ್ತೀವಿ ಅಂದ್ರು. ಬರಕೊಟ್ಟು ಬಂದೆ.’

ಕೆಲಸ ಹೋದದ್ದು ದೊಡ್ಡ ಪೆಟ್ಟೇ. ಆದರೆ ಅವರು ಕೊನೆಗೆ ಹೇಳಿದ ಮಾತನ್ನು ಇನ್ನೊಮ್ಮೆ ಕೇಳಿ. ‘ಬರಕೊಟ್ಟು ಬಂದೆ.’ ತೆಗೆದುಹಾಕಿದವರು ಮಾಲೀಕರು. ಕಾಗದದ ಮೇಲೆ ಮಾತ್ರ ಇವರೇ ಬಿಟ್ಟಂತೆ ಆಯಿತು! ನಾಳೆ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದರೂ, ಪರಿಹಾರ ಕೇಳಿದರೂ, ಮಾಲೀಕರ ಕಡೆಯಿಂದ ಬರುವ ಉತ್ತರ ಒಂದೇ: ‘ನಾವೇನು ತೆಗೆದಿಲ್ಲ, ತಾವೇ ಬಿಟ್ಟು ಹೋದರು.’

ಇದು ಗಂಡನ ಕಥೆಯೇ ಆಗಬೇಕಿಲ್ಲ. ಯಾದಗಿರಿಯ ಬಟ್ಟೆ ಅಂಗಡಿಯಲ್ಲಿ ದುಡಿಯುವ ತಂಗಿಯದ್ದಿರಬಹುದು, ಸುರಪುರದ ಖಾಸಗಿ ಆಸ್ಪತ್ರೆಯಲ್ಲಿರುವ ಮಗಳದ್ದಿರಬಹುದು, ಮದುವೆಗೆ ಮುಂಚೆ ಶಾಲೆಯಲ್ಲಿ ಕಲಿಸುತ್ತಿದ್ದ ನಿಮ್ಮದೇ ಇರಬಹುದು. ‘ಇದೆಲ್ಲಾ ಗಂಡಸರ ವ್ಯವಹಾರ, ನಮಗ್ಯಾಕ’ ಅನ್ನಬೇಡಿ. ಮನೆಯಲ್ಲಿ ಕಾಗದ ಪತ್ರ ಜೋಪಾನ ಮಾಡುವವರು ಯಾರು? ರೇಷನ್ ಕಾರ್ಡು ಎಲ್ಲಿದೆ, ಮಕ್ಕಳ ಜನನ ಪ್ರಮಾಣಪತ್ರ ಯಾವ ಟ್ರಂಕಿನಲ್ಲಿದೆ ಅಂತ ಗೊತ್ತಿರುವುದು ಯಾರಿಗೆ? ಇಂಥ ಹೊತ್ತಿನಲ್ಲಿ ಗಾಬರಿಯಾಗದೆ ಒಂದು ಕ್ಷಣ ಯೋಚಿಸುವ ತಲೆ ಮನೆಯಲ್ಲಿ ಒಂದಾದರೂ ಬೇಕು. ಅದು ನಿಮ್ಮದೇ ಆಗಲಿ.

ಒಂದು ಸಹಿಯ ಬೆಲೆ ಎಷ್ಟು?

ಮನೆ ಲೆಕ್ಕದ ಪುಸ್ತಕ ಹಿಡಿದು ಕೂತುಕೊಳ್ಳಿ. ತಿಂಗಳ ಸಂಬಳ 15,000 ರೂಪಾಯಿ, ಸರ್ವಿಸು 6 ವರ್ಷ ಅಂತ ಇಟ್ಟುಕೊಳ್ಳೋಣ.

1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದಲೂ ಒಂದು ನಿಯಮ ಬಂದಿದೆ. ತಪ್ಪಿಲ್ಲದ ಕಾರ್ಮಿಕರನ್ನು ‘ಕೆಲಸ ಕಡಿಮೆಯಾಗಿದೆ, ಜನ ಹೆಚ್ಚಾಗಿದ್ದಾರೆ’ ಎಂದು ತೆಗೆಯುವುದಾದರೆ ಅದಕ್ಕೆ ರಿಟ್ರೆಂಚ್‌ಮೆಂಟ್, ಅಂದರೆ ಸಿಬ್ಬಂದಿ ಕಡಿತ ಎನ್ನುತ್ತಾರೆ. ಆಗ ಒಂದು ತಿಂಗಳ ಮುಂಚಿತ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಜೊತೆಗೆ ದುಡಿದ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂತು. ಈ ನಿಯಮ ಅದರಲ್ಲೂ ಉಳಿದಿದೆ. ಹೊಸದಾಗಿ, ಕಡಿತವಾದವರ ಮರುತರಬೇತಿಗೆಂದು ಮಾಲೀಕರು 15 ದಿನದ ವೇತನ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕರ ಖಾತೆಗೆ ಬರಬೇಕು ಎಂಬುದೂ ಸೇರಿದೆ.

ಈಗ ಕೂಡಿಸಿ. ನೋಟಿಸ್ ಸಂಬಳ 15,000. ಪರಿಹಾರ ವರ್ಷಕ್ಕೆ ಸುಮಾರು 7,500ರಂತೆ ಆರು ವರ್ಷಕ್ಕೆ 45,000. ಮರುತರಬೇತಿ ಹಣ ಸುಮಾರು 7,500. ಇಎಸ್‌ಐ ಇದ್ದರೆ ನಿರುದ್ಯೋಗ ಭತ್ಯೆ 22,500 (ಇದರ ಲೆಕ್ಕ ಮುಂದೆ ಹೇಳುತ್ತೇನೆ). ಒಟ್ಟು 90,000 ರೂಪಾಯಿ! ‘ಸ್ವಂತ ಇಚ್ಛೆಯಿಂದ ರಾಜೀನಾಮೆ’ ಎಂಬ ಒಂದು ಸಾಲಿನ ಕೆಳಗೆ ಸಹಿ ಬಿದ್ದರೆ ಇಷ್ಟೂ ಹಣಕ್ಕೆ ತಕರಾರು ಶುರುವಾಗುತ್ತದೆ.

‘ರಾಜೀನಾಮಿ ಕೊಡದಿದ್ರ ಗ್ರಾಚ್ಯುಟಿ ಸಿಗೂದಿಲ್ಲ’ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಐದು ವರ್ಷ ಸೇವೆಯಾಗಿದ್ದರೆ, ತೆಗೆದರೂ ಗ್ರಾಚ್ಯುಟಿ ಇದೆ, ತಾವೇ ಬಿಟ್ಟರೂ ಇದೆ. ಇದೇ ಮನೆಯ ಲೆಕ್ಕದಲ್ಲಿ ಮಾಸಿಕ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 6 ವರ್ಷಕ್ಕೆ ಹಾಕಿದರೆ ಸುಮಾರು 51,900 ರೂಪಾಯಿ. ಅದು ಮಾಲೀಕರ ದಯೆಯಲ್ಲ, ದುಡಿದವರ ಹಕ್ಕು. ಬಾಕಿ ಸಂಬಳದ ಮಾತೂ ಹಾಗೆಯೇ. ತೆಗೆದರೂ ಸರಿ, ಬಿಟ್ಟರೂ ಸರಿ, ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ‘ಬರಕೊಟ್ರ ಲಗೂನ ಕೊಡ್ತೀವಿ’ ಎಂಬ ಆಮಿಷದಲ್ಲಿ ಅವರು ತಮ್ಮ ಕೈಯಿಂದ ಕೊಡುವುದು ಏನೂ ಇಲ್ಲ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಸಿಬ್ಬಂದಿ ಕಡಿತದ ಪರಿಹಾರ ಕಾನೂನಿನ ಪ್ರಕಾರ ‘ಕಾರ್ಮಿಕ’ ಎನಿಸಿಕೊಂಡು, ಕನಿಷ್ಠ ಒಂದು ವರ್ಷ ಸತತವಾಗಿ ದುಡಿದವರಿಗೆ. ಮ್ಯಾನೇಜರ್ ದರ್ಜೆಯವರಿಗೆ ಇದು ಇಲ್ಲ. ಇಂತಿಷ್ಟೇ ಅವಧಿಗೆ ಎಂದು ಕರಾರು ಮಾಡಿಕೊಂಡು ಆ ಅವಧಿ ಮುಗಿದರೂ ಇದು ಅನ್ವಯಿಸದು.

ನಿರುದ್ಯೋಗ ಭತ್ಯೆ ನಮ್ಮಲ್ಲೂ ಇದೆ!

‘ಅದೆಲ್ಲಾ ಫಾರಿನ್ನಿನಾಗ, ನಮ್ಮ ಯಾದಗಿರ್ಯಾಗ ಎಲ್ಲಿ?’ ಅನ್ನುತ್ತೀರಾ? ಮನೆಯವರ ಪೇ ಸ್ಲಿಪ್ ತೆಗೆದು ನೋಡಿ. ಅದರಲ್ಲಿ ಇಎಸ್‌ಐ ಅಂತ ಒಂದು ಕಡಿತ ಇದೆಯೇ? ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಈ ವಿಮೆ. 2019ರ ಜುಲೈನಿಂದ ನೌಕರರ ಪಾಲು ನೂರಕ್ಕೆ 75 ಪೈಸೆ, ಮಾಲೀಕರ ಪಾಲು 3 ರೂಪಾಯಿ 25 ಪೈಸೆ. ಅಂದರೆ 15,000 ಸಂಬಳಕ್ಕೆ ನಮ್ಮದು 112 ರೂಪಾಯಿ 50 ಪೈಸೆ, ಅವರದು 487 ರೂಪಾಯಿ 50 ಪೈಸೆ.

ಇಎಸ್‌ಐ ಅಂದರೆ ಆಸ್ಪತ್ರೆ, ಹೆರಿಗೆ ಭತ್ಯೆ ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ 2018ರ ಜುಲೈ 1ರಿಂದ ಇದರಲ್ಲಿ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದೊಂದು ಇದೆ. ಕೆಲಸ ಕಳೆದುಕೊಂಡ ವಿಮಾದಾರರಿಗೆ ಜೀವನದಲ್ಲಿ ಒಮ್ಮೆ, 90 ದಿನಗಳವರೆಗೆ ಭತ್ಯೆ. ಮೊದಲು ದಿನದ ಸರಾಸರಿ ಗಳಿಕೆಯ ಕಾಲುಭಾಗ ಕೊಡುತ್ತಿದ್ದರು. ಕೊರೊನಾ ಬಂದ 2020ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. 15,000 ಸಂಬಳದವರಿಗೆ ದಿನಕ್ಕೆ 500ರಲ್ಲಿ ಅರ್ಧ 250. ಅದನ್ನು 90 ದಿನಕ್ಕೆ ಹಾಕಿದರೆ 22,500. ಮೂರು ತಿಂಗಳ ಬಾಡಿಗೆ, ಹಾಲು, ಕಿರಾಣಿಗೆ ಆಸರೆಯಾಗದೇ?

ಇದಕ್ಕೆ ಕನಿಷ್ಠ ಎರಡು ವರ್ಷ ವಿಮಾ ವ್ಯಾಪ್ತಿಯಲ್ಲಿ ಕೆಲಸ ಮಾಡಿರಬೇಕು. ಇಎಸ್‌ಐನವರು ವರ್ಷವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ಅವಧಿಯಾಗಿ ಎಣಿಸುತ್ತಾರೆ. 2020ರಲ್ಲಿ ಸಡಿಲಿಸಿದ ನಿಯಮದಂತೆ, ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಕೆಲಸ ಹೋಗಿ 30 ದಿನವಾದ ಮೇಲೆ ಅರ್ಜಿ ಹಾಕಬಹುದು. ಸರ್ಕಾರ ಈ ಯೋಜನೆಯ ಅವಧಿಯನ್ನು ಆಗಾಗ ಮುಂದುವರಿಸುತ್ತ ಬಂದಿದೆ. ಆದ್ದರಿಂದ ಅರ್ಜಿಗೆ ಮುಂಚೆ ಇಎಸ್‌ಐ ಶಾಖಾ ಕಚೇರಿಯಲ್ಲಿ ಈಗಿನ ನಿಯಮ ಒಮ್ಮೆ ಕೇಳಿಕೊಳ್ಳಿ.

ಇದಕ್ಕೂ ಹಿಂದೆ, 2005ರ ಏಪ್ರಿಲ್ 1ರಂದು ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಶುರುವಾಯಿತು. ಕಾರ್ಖಾನೆ ಮುಚ್ಚಿದ್ದರಿಂದ ಅಥವಾ ಸಿಬ್ಬಂದಿ ಕಡಿತದಿಂದ ಕೆಲಸ ಹೋದವರಿಗೆ ಅದು. ಅಲ್ಲಿ ‘ಕಡಿತ’ ಎಂಬ ಪದವೇ ಬಾಗಿಲಿನ ಬೀಗದ ಕೈ. ಶಾಖೆಗೆ ಹೋದಾಗ ಅದರ ಬಗ್ಗೆಯೂ ವಿಚಾರಿಸಿ.

ಯಾರಿಗೆ ಸಿಗುವುದಿಲ್ಲ? ವಯಸ್ಸಾಗಿ ನಿವೃತ್ತರಾದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ, ದುರ್ನಡತೆಗಾಗಿ ಶಿಕ್ಷೆಯಾಗಿ ವಜಾ ಆದವರಿಗೆ. ಹಾಗಾಗಿಯೇ ಮಾಲೀಕರು ಕಾರಣದ ಜಾಗದಲ್ಲಿ ಏನು ಬರೆಯುತ್ತಾರೆ ಎಂಬುದು ಇಷ್ಟು ಮುಖ್ಯ. ಇಎಸ್‌ಐ ಮಾಸಿಕ ಲೆಕ್ಕದಲ್ಲಿ ಒಬ್ಬರ ಕೆಲಸದ ದಿನ ಸೊನ್ನೆ ಎಂದಾಗ ಮಾಲೀಕರು ಒಂದು ಕಾರಣ ಆರಿಸಲೇಬೇಕು. ಆ ಪಟ್ಟಿಯಲ್ಲಿ ‘ಕೆಲಸ ಬಿಟ್ಟರು’ ಅಂತಲೂ ಇದೆ, ‘ಕಡಿತ’ ಅಂತಲೂ ಇದೆ, ‘ಕೆಲಸ ಇಲ್ಲ’ ಅಂತಲೂ ಇದೆ. ಆಫೀಸಿನ ಹುಡುಗ ಅವಸರದಲ್ಲಿ ಒತ್ತುವ ಒಂದು ಬಟನ್ ನಿಮ್ಮ ಮನೆಯ ಮೂರು ತಿಂಗಳ ಊಟದ ಪ್ರಶ್ನೆ!

ಮಾಲೀಕರಿಗೆ ಯಾಕೆ ಇಷ್ಟು ಹಟ?

ಅಮೆರಿಕದಲ್ಲಿ ನಿಮ್ಮ ಅಕ್ಕನ ಮಗನೋ ಮಗಳೋ ಇದ್ದರೆ ಕೇಳಿ ನೋಡಿ. ಅಲ್ಲಿ ಕೆಲಸ ಹೋದವರು ಭತ್ಯೆಗೆ ಅರ್ಜಿ ಹಾಕಿದ ಕೂಡಲೇ ಹಳೆಯ ಕಂಪನಿಗೆ ನೋಟಿಸ್ ಹೋಗುತ್ತದೆ. ಕಂಪನಿ ‘ತಾವೇ ಬಿಟ್ಟರು’, ‘ತಪ್ಪು ಮಾಡಿದ್ದರು’ ಎಂದು ತಕರಾರು ಹಾಕಬಹುದು. ಕಾರಣ ಸರಳ. ಅಲ್ಲಿ ಮಾಲೀಕರು ಕಟ್ಟುವ ನಿರುದ್ಯೋಗ ತೆರಿಗೆ, ಅವರು ಬಿಡಿಸಿದ ನೌಕರರು ಎಷ್ಟು ಭತ್ಯೆ ಪಡೆದರು ಎಂಬುದರ ಮೇಲೆ ಏರುತ್ತದೆ, ಇಳಿಯುತ್ತದೆ. ಕಂಪನಿಗಳ ಪರವಾಗಿ ಈ ತಕರಾರುಗಳನ್ನು ನೋಡಿಕೊಳ್ಳುವುದನ್ನೇ ಕಸುಬು ಮಾಡಿಕೊಂಡ ಏಜೆನ್ಸಿಗಳೂ ಅಲ್ಲಿವೆ.

ನಮ್ಮಲ್ಲಿ ಹಾಗಿಲ್ಲ. ಇದನ್ನು ನಮ್ಮ ಊರಿನ ಮಾಲೀಕರಿಗೂ ಯಾರಾದರೂ ತಿಳಿಸಿ ಹೇಳಬೇಕು. ನಿಮ್ಮ ಮನೆಯವರು ಇಎಸ್‌ಐ ಭತ್ಯೆ ಪಡೆದರೆ ಮಾಲೀಕರ ಆ 3 ರೂಪಾಯಿ 25 ಪೈಸೆ ಒಂದು ಪೈಸೆಯೂ ಹೆಚ್ಚುವುದಿಲ್ಲ. ದುಡ್ಡು ಬರುವುದು ವಿಮಾ ನಿಗಮದಿಂದ. ಎಷ್ಟೋ ಕಡೆ ತಕರಾರಿಗೆ ಮೂಲ ಈ ವಿಷಯ ಗೊತ್ತಿಲ್ಲದಿರುವುದೇ. ಆದ್ದರಿಂದ ಜಗಳಕ್ಕೆ ಹೋಗುವ ಮುಂಚೆ ಸಮಾಧಾನದಿಂದ ಹೀಗೆ ಹೇಳಿ ನೋಡಿ:

‘ಸಾಹುಕಾರ್ರ, ಈ ಭತ್ಯೆ ನಿಮ್ಮ ಗಲ್ಲಾದಾಗಿಂದ ಬರೂದಲ್ರಿ. ಇಷ್ಟು ವರ್ಷ ನಾವೂ ನೀವೂ ಕಟ್ಟಿದ ವಿಮಾ. ಆದದ್ದು ಆದಂಗ ಬರೀರಿ, ಸಾಕು.’

ಇನ್ನೊಂದು ಭಯ ಅವರಿಗಿರುವುದು ನಿಜ. ‘ನಾವೇ ತೆಗೆದೆವು’ ಎಂದು ಒಪ್ಪಿದರೆ ನೋಟಿಸ್ ಸಂಬಳ, ಪರಿಹಾರ ಕೊಡಬೇಕಾಗುತ್ತದೆ. ಅದು ಅವರ ಗಲ್ಲಾದಿಂದಲೇ ಹೋಗುವ ಹಣ. ಅದಕ್ಕೇ ರಾಜೀನಾಮೆ ಬರೆಸಿಕೊಳ್ಳುವ ಅವಸರ.

2018ರಲ್ಲಿ ಯೋಜನೆ ಶುರುವಾದಾಗ ಭತ್ಯೆಯ ಅರ್ಜಿ ಹಳೆಯ ಮಾಲೀಕರ ಮೂಲಕವೇ ಹೋಗಬೇಕಿತ್ತು. ಮಾಲೀಕರು ಮೇಜಿನ ಡ್ರಾದಲ್ಲಿ ಇಟ್ಟುಬಿಟ್ಟರೆ ಅಲ್ಲಿಗೆ ಮುಗಿಯಿತು! 2020ರಲ್ಲಿ ಇದನ್ನು ಬದಲಿಸಿ, ಕೆಲಸ ಕಳೆದುಕೊಂಡವರೇ ನೇರವಾಗಿ ಇಎಸ್‌ಐ ಶಾಖೆಗೆ ಅರ್ಜಿ ಕೊಡಬಹುದು, ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ ಎಂದು ಮಾಡಿದರು. ‘ಮಾಲೀಕರ ಸಹಿ ಸಿಕ್ಕಿಲ್ಲ’ ಎಂದು ಕೈಕಟ್ಟಿ ಕೂಡಬೇಡಿ.

ಸಾಮಾನ್ಯವಾಗಿ ಬರುವ ತಕರಾರುಗಳು

‘ತಾವೇ ರಾಜೀನಾಮೆ ಕೊಟ್ಟರು’: ಬರೆದುಕೊಡದಿರುವುದೇ ಮೊದಲ ಔಷಧ. ‘ಮನ್ಯಾಗ ಕೇಳಿ ನಾಳೆ ಹೇಳ್ತೀನ್ರಿ’ ಎಂದು ಎದ್ದು ಬಂದರೆ ಯಾರೂ ಬಲವಂತ ಮಾಡುವಂತಿಲ್ಲ. ಖಾಲಿ ಹಾಳೆಗಂತೂ ಸಹಿ ಬೇಡವೇ ಬೇಡ. ಆಗಲೇ ಬರೆದುಕೊಟ್ಟಾಗಿದ್ದರೆ? ಅದೇ ದಿನ, ಹೆಚ್ಚೆಂದರೆ ಮರುದಿನ, ಒಂದು ಪತ್ರ ಬರೆಯಿರಿ. ‘ನಿನ್ನೆ ಇಂಥವರು ಕರೆದು ಹೇಳಿದ್ದರಿಂದ ಬರೆದುಕೊಟ್ಟೆ, ಅದು ನನ್ನ ಇಚ್ಛೆಯಲ್ಲ, ವಾಪಸು ಪಡೆಯುತ್ತಿದ್ದೇನೆ, ಕೆಲಸಕ್ಕೆ ಬರಲು ಸಿದ್ಧ’ ಅಷ್ಟೇ ಸಾಕು. ರಾಜೀನಾಮೆ ಜಾರಿಗೆ ಬರುವ ಮುಂಚೆ ಹಿಂಪಡೆಯಬಹುದು ಎಂಬುದು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿದ ಮಾತು. ಪತ್ರವನ್ನು ಅಂಚೆಯಲ್ಲೇ ಕಳಿಸಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಮತ್ತು ಪತ್ರದ ಜೆರಾಕ್ಸ್ ಇಟ್ಟುಕೊಳ್ಳಿ.

‘ಹೇಳದೇ ಕೇಳದೇ ಕೆಲಸಕ್ಕೆ ಬರುವುದು ಬಿಟ್ಟರು’: ಗೇಟಿನಲ್ಲಿ ವಾಚ್‌ಮನ್ ಒಳಗೆ ಬಿಡುವುದಿಲ್ಲ. ಹತ್ತು ದಿನದ ನಂತರ ‘ಗೈರುಹಾಜರಿ’ ಎಂದು ಬರೆಯುತ್ತಾರೆ. ಇದು ಹಳೆಯ ಉಪಾಯ. ಹರಿಯಾಣದ ಒಬ್ಬ ಕಾರ್ಮಿಕರಿಗೆ 1980ರಲ್ಲಿ ಹೀಗೇ ಆಯಿತು. ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ತಾನಾಗಿಯೇ ಕೆಲಸ ಹೋಗುತ್ತದೆ ಎಂದು ಕಂಪನಿ ತನ್ನ ನಿಯಮ ತೋರಿಸಿತು. ‘ನಾನು ದಿನಾ ಹೋದರೂ ಗೇಟಿನಲ್ಲಿ ತಡೆದರು’ ಎಂದರು ಅವರು. ಡಿ.ಕೆ. ಯಾದವ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆ ನಡೆಸದೆ, ಅವರ ಮಾತು ಕೇಳದೆ ಕೆಲಸದಿಂದ ತೆಗೆಯುವಂತಿಲ್ಲ ಎಂದಿತು. ಅವರಿಗೆ ಕೆಲಸ ವಾಪಸು ಸಿಕ್ಕಿತು, ಬಾಕಿ ಸಂಬಳದ ಅರ್ಧವೂ ಸಿಕ್ಕಿತು. ಆದರೆ ನೋಡಿ, ಅದಕ್ಕೆ ಹಿಡಿದದ್ದು ಹನ್ನೆರಡು ವರ್ಷಕ್ಕೂ ಹೆಚ್ಚು! ನಾವು ಮೊದಲ ವಾರದಲ್ಲೇ ಒಂದು ಪತ್ರ ಹಾಕಿದರೆ ಆ ಅಲೆದಾಟ ಎಷ್ಟೋ ಕಡಿಮೆಯಾದೀತು. ಗೇಟಿನಲ್ಲಿ ತಡೆದರೆ ಅದೇ ದಿನ ‘ಇಂದು ಇಷ್ಟು ಹೊತ್ತಿಗೆ ಬಂದೆ, ಒಳಗೆ ಬಿಡಲಿಲ್ಲ’ ಎಂದು ಬರೆದು ಅಂಚೆಗೆ ಹಾಕಿ.

‘ದುರ್ನಡತೆಗಾಗಿ ತೆಗೆದೆವು’: ಸುಮ್ಮನೆ ಬಾಯಿಮಾತು ನಡೆಯುವುದಿಲ್ಲ. ಆರೋಪ ಏನು ಎಂದು ಲಿಖಿತವಾಗಿ ಕೊಟ್ಟಿದ್ದರೇ? ಉತ್ತರ ಕೇಳಿದ್ದರೇ? ವಿಚಾರಣೆ ಆಗಿತ್ತೇ? ಆ ಕಾಗದಗಳನ್ನು ಕೇಳಿ. ನೋಟಿಸ್ ಬಂದರೆ ಸಿಟ್ಟಿಗೆ ಹರಿದು ಎಸೆಯಬೇಡಿ. ಉತ್ತರ ಕೊಡದಿದ್ದರೆ ಒಪ್ಪಿಕೊಂಡಂತೆ ಕಾಣುತ್ತದೆ.

‘ಇವರು ನಮ್ಮವರೇ ಅಲ್ಲ, ಗುತ್ತಿಗೆದಾರರ ಆಳು’: ಯಾದಗಿರಿಯ ಬಳಿ ಕಡೇಚೂರು ಕೈಗಾರಿಕಾ ಪ್ರದೇಶ ಬಂದ ಮೇಲೆ ಗುತ್ತಿಗೆಯಲ್ಲಿ ದುಡಿಯಲು ಹೋಗುವವರ ಮನೆಗಳು ನಮ್ಮ ಓಣಿಗಳಲ್ಲೂ ಇವೆ. ಗುತ್ತಿಗೆದಾರರ ಮೂಲಕ ಬಂದರೂ ಇಎಸ್‌ಐ ವಂತಿಗೆಯನ್ನು ಮೊದಲಿಗೆ ಕಟ್ಟಬೇಕಾದ ಹೊಣೆ ಮುಖ್ಯ ಮಾಲೀಕರದ್ದು. ಆಮೇಲೆ ಅವರು ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಲಿ. ಗೇಟ್ ಪಾಸು, ಗುರುತಿನ ಚೀಟಿ, ಬ್ಯಾಂಕಿಗೆ ಸಂಬಳ ಬಂದ ದಾಖಲೆ ಇಂಥಲ್ಲಿ ಕೈಹಿಡಿಯುತ್ತವೆ.

‘ವಂತಿಗೆಯೇ ಬಂದಿಲ್ಲ’: ಇದು ಮಾಲೀಕರ ಮಾತಲ್ಲ, ಕಚೇರಿಯ ಮಾತು. ಸಂಬಳದಲ್ಲಿ ಹಿಡಿದಿದ್ದಾರೆ, ಆದರೆ ಕಟ್ಟಿಲ್ಲ! ಹಿಡಿದು ಕಟ್ಟದಿರುವುದು ಅಪರಾಧ. ಪೇ ಸ್ಲಿಪ್ ಇದ್ದರೆ ಸಾಬೀತು ಮಾಡುವುದು ಸುಲಭ. ಇಎಸ್‌ಐ ವೆಬ್‌ಸೈಟಿನಲ್ಲಿ ವಿಮಾ ಸಂಖ್ಯೆ ಹಾಕಿ ವಂತಿಗೆ ಬರುತ್ತಿದೆಯೇ ಎಂದು ಆರು ತಿಂಗಳಿಗೊಮ್ಮೆ ನೋಡಿಬಿಡಿ. ಮೊಬೈಲ್ ಹಿಡಿದು ಕೂತ ಮಗನಿಗೆ ಹೇಳಿದರೆ ಐದು ನಿಮಿಷದ ಕೆಲಸ.

ಹತ್ತಿ ಜಿನ್ನಿನ ಅಕ್ಕಂದಿರಿಗೆ?

ಯಾದಗಿರಿ, ಶಹಾಪುರ, ಸುರಪುರದ ಕಡೆ ಹತ್ತಿ ಹೊಲಗಳು ಬಿಳಿಯಾದ ಮೇಲೆ ಜಿನ್ನಿಂಗ್ ಮಿಲ್ಲುಗಳು ಶುರುವಾಗುತ್ತವೆ. ನಿಮ್ಮ ಮನೆಗೆಲಸಕ್ಕೆ ಬರುವವರ ಅಕ್ಕನೋ ಸೊಸೆಯೋ ಅಲ್ಲಿ ದುಡಿಯುತ್ತಿರಬಹುದು. ಸೀಜನ್ ಮುಗಿದರೆ ಕೆಲಸವೂ ಮುಗಿಯಿತು. ಅವರಿಗೆ ಈ ಭತ್ಯೆ ಇದೆಯೇ?

ಬೇಸರದ ಮಾತು, ಇಲ್ಲ. 1948ರ ಇಎಸ್‌ಐ ಕಾಯ್ದೆ ಹಂಗಾಮಿನ ಕಾರ್ಖಾನೆಗಳನ್ನು ಹೊರಗಿಟ್ಟಿತು. ಹತ್ತಿ ಜಿನ್ನಿಂಗ್, ಹತ್ತಿ ಪ್ರೆಸ್ಸಿಂಗ್, ಶೇಂಗಾ ಸಿಪ್ಪೆ ಸುಲಿಯುವುದು, ಸಕ್ಕರೆ, ಬೆಲ್ಲ ಇವೆಲ್ಲ ಆ ಪಟ್ಟಿಯಲ್ಲಿದ್ದವು. 2025ರಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಂಗಾಮಿನ ಕಾರ್ಖಾನೆ ಇಎಸ್‌ಐನಿಂದ ಹೊರಗೇ ಉಳಿದಿದೆ. ವರ್ಷದಲ್ಲಿ ಅರ್ಧ ದಿನ ಕೆಲಸ ಇರುವುದಿಲ್ಲ ಎಂದು ಮೊದಲೇ ಗೊತ್ತಿರುವವರಿಗೇ ಈ ಆಸರೆ ಇಲ್ಲ! ಇಲ್ಲಿ ಮಾಲೀಕರು ತಕರಾರು ಮಾಡುವ ಪ್ರಶ್ನೆಯೇ ಬರುವುದಿಲ್ಲ, ಅರ್ಜಿ ಹಾಕಲು ಜಾಗವೇ ಇಲ್ಲ.

ಆದರೂ ಅವರಿಗೆ ಹೇಳಬೇಕಾದ ಒಂದೆರಡು ವಿಷಯಗಳಿವೆ. ಹಂಗಾಮಿನ ಕೆಲಸದವರಿಗೂ ಗ್ರಾಚ್ಯುಟಿ ಇದೆ, ಸೇವೆಯ ಅವಧಿ ತುಂಬಿದ್ದರೆ ಪ್ರತಿ ಹಂಗಾಮಿಗೆ ಏಳು ದಿನದ ವೇತನ. ಅದಕ್ಕೆ ಪ್ರತಿ ಸೀಜನ್ನಿನ ಹಾಜರಿ ಚೀಟಿ ಇಟ್ಟುಕೊಳ್ಳಬೇಕು. 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್‌ನಲ್ಲಿ 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು ಹೆಸರು ಬರೆಸಬಹುದು. ಇನ್ನು ಬೇಳೆ ಮಿಲ್ಲು, ಅಕ್ಕಿ ಮಿಲ್ಲು ಆ ಕಾಯ್ದೆ ಹೆಸರಿಸಿದ ಪಟ್ಟಿಯಲ್ಲಿ ಇರಲಿಲ್ಲ. ಹತ್ತು ಜನಕ್ಕಿಂತ ಹೆಚ್ಚು ದುಡಿಯುವ ಮಿಲ್ಲಾದರೆ ‘ನಮಗ ಇಎಸ್‌ಐ ಐತೇನ್ರಿ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನೀವು ಟೀಚರ್ ಆಗಿದ್ದರೆ...

ನಮ್ಮ ಊರುಗಳಲ್ಲಿ ಓದಿದ ಹೆಣ್ಣುಮಕ್ಕಳಿಗೆ ಸುಲಭವಾಗಿ ಸಿಗುವ ಕೆಲಸ ಖಾಸಗಿ ಶಾಲೆಯದು. ಏಪ್ರಿಲ್‌ನಲ್ಲಿ ‘ಮುಂದಿನ ವರ್ಷ ಹೇಳಿ ಕಳಸ್ತೀವ್ರಿ ಟೀಚರ್’ ಎಂದು ನಗುನಗುತ್ತ ಕಳಿಸುತ್ತಾರೆ. ಜೂನ್‌ನಲ್ಲಿ ಬೇರೆಯವರು ಕುರ್ಚಿಯಲ್ಲಿರುತ್ತಾರೆ. ಕೇಳಿದರೆ ಮತ್ತದೇ ಮಾತು, ‘ತಾವೇ ಬರಲಿಲ್ಲ.’

ಶಿಕ್ಷಕರ ದಾರಿ ಬೇರೆ. 1988ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ‘ಕಾರ್ಮಿಕ’ರಲ್ಲ ಎಂದು ಹೇಳಿತು. ಹಾಗಾಗಿ ಮೇಲೆ ಹೇಳಿದ ಕಡಿತದ ಪರಿಹಾರ ಅವರಿಗಿಲ್ಲ. ಆದರೆ ಕರ್ನಾಟಕ ಶಿಕ್ಷಣ ಕಾಯ್ದೆ, 1983 ಇದೆ. ವಿಚಾರಣೆಯಿಲ್ಲದೆ ಶಿಕ್ಷಕರನ್ನು ವಜಾ ಮಾಡುವಂತಿಲ್ಲ ಎನ್ನುತ್ತದೆ ಅದರ 92ನೇ ಕಲಮು. 94ನೇ ಕಲಮಿನಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ, ಅಂದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. ಆ ಮೂರು ತಿಂಗಳು ‘ಹೇಳಿ ಕಳಸ್ತೀವಿ’ ಎಂಬ ಮಾತು ನಂಬಿ ಕೂತರೆ ಕಳೆದೇಹೋಗುತ್ತದೆ! ಗ್ರಾಚ್ಯುಟಿಯಂತೂ ಖಾಸಗಿ ಶಾಲೆಯ ಶಿಕ್ಷಕರಿಗೂ ಇದೆ. 2009ರ ತಿದ್ದುಪಡಿ ಅದನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯಿಸಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಯಾರ ಬಾಗಿಲು ತಟ್ಟಬೇಕು?

ಭತ್ಯೆಯ ವಿಷಯಕ್ಕೆ ಇಎಸ್‌ಐ ಶಾಖಾ ಕಚೇರಿ. ತೆಗೆದುಹಾಕಿದ್ದು, ಪರಿಹಾರ, ಬಾಕಿ ಸಂಬಳಕ್ಕೆ ಕಾರ್ಮಿಕ ಇಲಾಖೆ. ಮೊದಲು ಲೇಬರ್ ಆಫೀಸಿಗೆ ಒಂದು ಅರ್ಜಿ ಕೊಡಿ. ಅಲ್ಲಿ ಇಬ್ಬರನ್ನೂ ಕರೆಸಿ ರಾಜಿಗೆ ಪ್ರಯತ್ನಿಸುತ್ತಾರೆ. ಎಷ್ಟೋ ವ್ಯಾಜ್ಯಗಳು ಅಲ್ಲೇ ಮುಗಿಯುತ್ತವೆ. ಆಗದಿದ್ದರೆ 45 ದಿನಗಳ ನಂತರ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಕೆಲಸ ಹೋದ ದಿನದಿಂದ ಎರಡು ವರ್ಷದ ಗಡುವನ್ನು ಹೊಸ ಸಂಹಿತೆ ಇಟ್ಟಿದೆ. ನಮ್ಮ ಭಾಗದ ಇಂಥ ಮೊಕದ್ದಮೆಗಳು ಕಲಬುರಗಿಯ ಕಾರ್ಮಿಕ ನ್ಯಾಯಾಲಯದಲ್ಲಿ ನಡೆಯುತ್ತ ಬಂದಿವೆ.

‘ವಕೀಲರಿಗೆ ಎಲ್ಲಿಂದ ರೊಕ್ಕ ತರೂದ್ರಿ?’ ಎಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ಕೈಗಾರಿಕಾ ಕಾರ್ಮಿಕರಿಗೂ ಇದೆ. ಯಾದಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ, ಶಹಾಪುರ, ಸುರಪುರದ ನ್ಯಾಯಾಲಯಗಳಲ್ಲಿರುವ ತಾಲ್ಲೂಕು ಸಮಿತಿಯಲ್ಲಿ ಕೇಳಿ. 15100 ಎಂಬ ಉಚಿತ ಸಂಖ್ಯೆಗೂ ಫೋನ್ ಮಾಡಬಹುದು.

ಇಂದೇ ಒಂದು ಫೈಲು ಮಾಡಿ

* ನೇಮಕಾತಿ ಪತ್ರ. ಇಲ್ಲದಿದ್ದರೆ ಈಗಲೇ ಕೇಳಿ, ಹೊಸ ಸಂಹಿತೆಯಲ್ಲಿ ಅದು ಕಡ್ಡಾಯ.
* ಪ್ರತಿ ತಿಂಗಳ ಪೇ ಸ್ಲಿಪ್. ಮೊಬೈಲಿಗೆ ಬಂದರೆ ವರ್ಷಕ್ಕೊಮ್ಮೆ ಪ್ರಿಂಟ್ ತೆಗೆಸಿ.
* ಇಎಸ್‌ಐ ವಿಮಾ ಸಂಖ್ಯೆ, ಪೆಹಚಾನ್ ಕಾರ್ಡು, ಪಿಎಫ್‌ನ ಯುಎಎನ್ ಸಂಖ್ಯೆ.
* ಸಂಬಳ ಬರುವ ಬ್ಯಾಂಕ್ ಪಾಸ್‌ಬುಕ್ಕು, ಆಧಾರ್ ಪ್ರತಿ. ಎರಡರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇದೆಯೇ ನೋಡಿ.
* ಗುರುತಿನ ಚೀಟಿ, ಗೇಟ್ ಪಾಸಿನ ಜೆರಾಕ್ಸ್.
* ‘ನಾಳೆಯಿಂದ ಬರಬೇಡಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಅಳಿಸಬೇಡಿ. ಫೋನಿನಲ್ಲಿ ಹೇಳಿದ್ದರೆ ತಾರೀಕು, ಹೊತ್ತು, ಹೇಳಿದವರ ಹೆಸರು ಬರೆದಿಡಿ.
* ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ನಮೂದಿಸದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ನೀವೇ ನಮೂದಿಸುವ ಸೌಲಭ್ಯ 2020ರಲ್ಲಿ ಬಂದಿದೆ. ಅಲ್ಲೂ ಕಾರಣ ಆರಿಸುವಾಗ ಅವಸರ ಬೇಡ.

ಕೊನೆಗೆ, ನಮ್ಮ ಮನೆಯ ಕನ್ನಡಿ

ಸುಳ್ಳು ಹೇಳಿ ಭತ್ಯೆ ತೆಗೆದುಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ಬೇರೆ ಕಡೆ ಹೆಚ್ಚಿನ ಸಂಬಳ ಸಿಕ್ಕಿ ಖುಷಿಯಿಂದ ಬಿಟ್ಟಿದ್ದರೆ ‘ಬಿಟ್ಟೆ’ ಎಂದೇ ಬರೆಯೋಣ. ತೆಗೆದಿದ್ದರೆ ‘ತೆಗೆದರು’ ಎಂದು ಬರೆಯಲಿ. ಕೇಳುವುದು ಇಷ್ಟೇ, ಆದದ್ದು ಆದಂತೆ ಕಾಗದದ ಮೇಲೆ ಬರಲಿ.

ಹಾಗೆಯೇ ಇನ್ನೊಂದು ಮಾತು. ನಾವೂ ಒಂದು ರೀತಿಯಲ್ಲಿ ಮಾಲೀಕರೇ, ಅಲ್ಲವೇ? ಪಾತ್ರೆ ತೊಳೆಯಲು ಬರುವ ಅಕ್ಕ ಜ್ವರವೆಂದು ನಾಲ್ಕು ದಿನ ಬರದಿದ್ದರೆ ಬೇರೆಯವರನ್ನು ಹಚ್ಚಿಕೊಳ್ಳುತ್ತೇವೆ. ಆಕೆ ಬಂದು ಬಾಗಿಲಲ್ಲಿ ನಿಂತಾಗ ‘ನೀನೇ ಬರಲಿಲ್ಲಲ್ಲವಾ’ ಎನ್ನುತ್ತೇವೆ. ಮನೆಗೆಲಸದವರ ಕನಿಷ್ಠ ಕೂಲಿಯನ್ನು ಕರ್ನಾಟಕ 2004ರಲ್ಲೇ ಗೊತ್ತುಮಾಡಿದೆ. ಆದರೆ ಕೆಲಸ ಹೋದ ತಿಂಗಳಿಗೆ ಆಕೆಗೆ ಭತ್ಯೆ ಕೊಡುವ ಕಚೇರಿ ಯಾವುದೂ ಇಲ್ಲ. ಆ ತಿಂಗಳ ಅರ್ಧ ಸಂಬಳ ಕೈಗಿಟ್ಟು ‘ಮತ್ತೊಂದು ಮನಿ ಸಿಗೂತನಕ ಇರ್ಲಿ ತಗೋರಿ’ ಎನ್ನಲು ನಮಗೆ ಯಾವ ಕಾಯ್ದೆಯೂ ಬೇಕಿಲ್ಲ.

ಇವತ್ತು ಸಂಜೆ ಚಹಾ ಮಾಡಿಕೊಟ್ಟು ಮನೆಯವರಿಗೆ ಇಷ್ಟು ಹೇಳಿಬಿಡಿ: ‘ಏನರೆ ಕಾಗದಕ್ಕ ಸಹಿ ಹಾಕು ಅಂದ್ರ, ಮೊದಲು ಮನಿಗೆ ತಗೊಂಡು ಬರ್ರಿ. ಇಬ್ಬರೂ ಕೂಡಿ ಓದೂಣು.’